ತಾನೇ ಮುಚ್ಚಿಕೊಳ್ಳುವ ಬಾಗಿಲು

(ಗೋವೆಯ ಮಡ್ಕಯಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಉಪನ್ಯಾಸಕನಾದವನು ಸಭೆಗೆ ಬರುವ ಮುನ್ನ ಗ್ರಂಥಗಳನ್ನು ತಿರುವಿಹಾಕಿ ಬರಬೇಕೆಂಬುದು ವಾಡಿಕೆ. ನಾನು ಆ ವಾಡಿಕೆಯನ್ನು ಪೂರ್ತಿಯಾಗಿ ಬಿಟ್ಟವನಲ್ಲವಾದರೂ, ಇಂದು ಬೆಳಗ್ಗೆ ಎಂಟು ಗಂಟೆಯ ಸುಮಾರಿಗೆ ಜುವಾರಿ ನದಿಯ ದಂಡೆಯ ಮಣ್ಣೊಡ್ಡಿನ ಮೇಲೆ, ಈ ಊರಿನ ವೃದ್ಧರೊಬ್ಬರ ಪಕ್ಕದಲ್ಲಿ ನಿಂತು ಕಂಡ ಒಂದು ಸಣ್ಣ ಸಂಗತಿಯಿಂದಲೇ ಮಾತನ್ನಾರಂಭಿಸುವುದು ಉಚಿತವೆಂದು ನನಗೆ ತೋರುತ್ತದೆ. ಒಡ್ಡಿನ ನಡುವೆ ಚಿರೆಕಲ್ಲಿನಿಂದ ಕಟ್ಟಿದ ಒಂದು ಕಿರಿದಾದ ಕಂಡಿ. ಕಂಡಿಗೆ ಮರದ ಎರಡು ಕದಗಳು. ಇಳಿತದ ಕೊನೆಯ ನೀರು ಗದ್ದೆಗಳ ಕಡೆಯಿಂದ ಆ ಕದಗಳನ್ನು ನೂಕಿಕೊಂಡು ಸಣ್ಣ ಸದ್ದಿನೊಡನೆ ನದಿಗೆ ಬೀಳುತ್ತಿತ್ತು. ಕ್ರಮೇಣ ಆ ಸದ್ದು ಕುಗ್ಗಿತು. ನೀರು ಕ್ಷಣಕಾಲ ಅತ್ತ ಹೋಗಲೋ ಇತ್ತ ಬರಲೋ ಎಂದು ಸಂದೇಹಪಡುವಂತೆ ನಿಂತಿತು. ಅನಂತರ ಸಮುದ್ರದಿಂದ ಏರಿಬಂದ ಭರತಿಯು ಹೊರಗಡೆಯಿಂದ ಒತ್ತಲಾಗಿ, ಯಾರ ಕೈಯೂ ಸೋಕದೆ ಆ ಎರಡು ಕದಗಳು ಒಂದನ್ನೊಂದು ಕೂಡಿಕೊಂಡು ಮುಚ್ಚಿದವು. ವೃದ್ಧರು ಕೈಯ ಕೋಲನ್ನು ಒಡ್ಡಿನ ಮಣ್ಣಿಗೆ ಊರಿ, ‘ಇನ್ನು ನಾವು ಮನೆಗೆ ಹೋಗಬಹುದು’ ಎಂದರು.

ಆ ಬಾಗಿಲಿಗೆ ಇಲ್ಲಿಯ ಜನ ‘ಮಾನಸ’ ಎನ್ನುತ್ತಾರೆ. ಶಬ್ದದ ಮೂಲ ಎಲ್ಲಿಯದೇ ಆಗಿರಲಿ, ಸಂಸ್ಕೃತದ ಪರಿಚಯವುಳ್ಳ ಕಿವಿಗೆ ಅದು ‘ಮನಸ್ಸು’ ಎಂದೇ ಕೇಳಿಸುತ್ತದೆ. ಮಣ್ಣೊಡ್ಡಿಗೂ ಒಂದು ಮನಸ್ಸುಂಟೆಂದು ಭಾವಿಸುವ ಸುಖವನ್ನು ನಾನು ವ್ಯುತ್ಪತ್ತಿಶಾಸ್ತ್ರಕ್ಕಾಗಿ ಬಿಟ್ಟುಕೊಡಲು ಸಿದ್ಧನಿಲ್ಲ. ನಮ್ಮ ಬಯಲುಸೀಮೆಯ ಕೆರೆಗೆ ತೂಬುಂಟು; ತೂಬನ್ನು ಎತ್ತಿ ಇಳಿಸಲು ನೀರುಗಂಟಿಯುಂಟು. ಆದರೆ ಕೆರೆಯ ನೀರು ಒಂದೇ ದಿಕ್ಕಿನಿಂದ ಬರತಕ್ಕದ್ದು, ಒಂದೇ ದಿಕ್ಕಿಗೆ ಹೋಗತಕ್ಕದ್ದು. ಇಲ್ಲಿಯಾದರೋ ನೀರು ಎರಡು ಕಡೆಯಿಂದ ಬರುತ್ತದೆ: ಬೆಟ್ಟದಿಂದ ಸಿಹಿಯಾಗಿ ವರ್ಷಕ್ಕೊಮ್ಮೆ, ಸಮುದ್ರದಿಂದ ಉಪ್ಪಾಗಿ ಹನ್ನೆರಡೂವರೆ ಗಂಟೆಗೊಮ್ಮೆ. ಈ ಎರಡರ ನಡುವೆ ಅನ್ನವನ್ನೂ ಮೀನನ್ನೂ ಬೆಳೆದುಕೊಂಡ ಜನರ ವಿದ್ಯೆಯನ್ನು ನೆಪವಾಗಿಟ್ಟುಕೊಂಡು, ಒಂದು ನದಿಯ ಕಣಿವೆಯನ್ನು ನೋಡಿಕೊಳ್ಳುವುದೆಂದರೇನು ಎಂಬುದನ್ನು ಕುರಿತು ನನಗೆ ತೋಚಿದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಹೆಸರಿನ ವಿಚಾರ. ನೀವು ಜುವಾರಿ ಎನ್ನುವ ಈ ನದಿ, ಸಹ್ಯಾದ್ರಿಯ ಹೇಮಾಡ್-ಬಾರ್ಶೆಯಲ್ಲಿ ಹುಟ್ಟಿ ಸುಮಾರು 92 ಕಿಲೋಮೀಟರು ಹರಿದು ಮುರಗಾಂವದ ಬಳಿ ಸಮುದ್ರವನ್ನು ಸೇರುವ ಗೋವೆಯ ಅತಿ ಉದ್ದದ ನದಿ, ಒಳನಾಡಿನಲ್ಲಿ ಅಘನಾಶಿನಿ ಎಂದೂ ಕರೆಯಲ್ಪಡುತ್ತದೆ. ನಾನು ಹುಟ್ಟಿದ್ದು ಇನ್ನೊಂದು ಅಘನಾಶಿನಿಯ ದಂಡೆಯಲ್ಲಿ. ಅದು ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟೆಗೂ ಗೋಕರ್ಣಕ್ಕೂ ನಡುವೆ ತದಡಿಯಲ್ಲಿ ಕಡಲನ್ನು ಕೂಡುತ್ತದೆ. ಇಲ್ಲಿ ‘ಖಾಜನ’ವೆಂಬ ಉಪ್ಪುನೀರ ಗದ್ದೆ, ಅಲ್ಲಿ ‘ಗಜನಿ’. ಇವೆರಡು ಒಂದೇ ಶಬ್ದದ ಎರಡು ಉಚ್ಚಾರಗಳೆಂದು ನನ್ನ ಕಿವಿ ಹೇಳುತ್ತದೆ; ಭಾಷಾಶಾಸ್ತ್ರಜ್ಞರು ಬೇರೆ ತೀರ್ಪು ಕೊಟ್ಟರೆ ತಲೆಬಾಗುತ್ತೇನೆ, ಆದರೆ ಕಿವಿ ಒಪ್ಪಲಾರದು. ಶಬ್ದ ಪುರಾತನವಾದದ್ದೆಂಬುದರಲ್ಲಿ ಸಂದೇಹವಿಲ್ಲ. ಮಡ್ಕಯಿಗೆ ನೆರೆಯ ಬಾಂದೋಡೆಯಲ್ಲಿ ದೊರೆತ, ಕೊಂಕಣ ಮೌರ್ಯವಂಶದ ಅನಿರ್ಜಿತವರ್ಮನ ತಾಮ್ರಶಾಸನದಲ್ಲಿಯೇ ‘ಖಜ್ಜನ’ ಎಂಬ ಭೂಮಿಯ ಉಲ್ಲೇಖವುಂಟು. ಅದನ್ನು ಸುಮಾರು ಆರನೆಯ ಶತಮಾನಕ್ಕೆ ಸೇರಿದ್ದೆಂದು ವಿದ್ವಾಂಸರು ಎಣಿಸುತ್ತಾರೆ.

ಕನ್ನಡಿಗರಿಗೆ ಈ ಕಣಿವೆ ಪರಸ್ಥಳವಲ್ಲ. ಗೋವೆಯ ಕದಂಬರ ಮೊದಲ ರಾಜಧಾನಿ ಚಂದ್ರಪುರ, ಇಂದಿನ ಚಾಂದೋರ್, ಜುವಾರಿಯ ಉಪನದಿಯಾದ ಕುಶಾವತಿಯ ದಂಡೆಯಲ್ಲಿತ್ತು. ಹನ್ನೊಂದನೆಯ ಶತಮಾನದಲ್ಲಿ ಅವರು ರಾಜಧಾನಿಯನ್ನು ಬದಲಾಯಿಸಿದಾಗ ಹೋದದ್ದೂ ಇದೇ ಜುವಾರಿಯ ದಂಡೆಯ ಗೋಪಕಪಟ್ಟಣಕ್ಕೆ. ಅದೆಷ್ಟೋ ಶತಮಾನಗಳ ತರುವಾಯ ಈ ಪೋಂಡಾ ಮಹಾಲು ನಮ್ಮ ಸೋದೆಯ ಅರಸರ ಕೈಗೆ ಬಂದಿತ್ತು. 1763ರಲ್ಲಿ ಹೈದರನ ದಂಡು ಘಟ್ಟದ ಮೇಲೆ ಬಂದಾಗ ಸೀಮೆಯನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ ಅರಸು, ಬಾಂದೋಡೆಯಲ್ಲಿಯೇ ಆಶ್ರಯ ಪಡೆದು ಉಳಿದನು. ಅರಸರು ಬಂದರು, ಹೋದರು. ನಿಮ್ಮ ನವದುರ್ಗೆಯೂ ಹದಿನಾರನೆಯ ಶತಮಾನದಲ್ಲಿ ತಿಸವಾಡಿಯ ಗಾವಶಿಯಿಂದ ನೀರು ದಾಟಿ ಇಲ್ಲಿಗೆ ಬಂದವಳೇ. ಇಷ್ಟು ಸ್ಥಿತ್ಯಂತರಗಳ ನಡುವೆಯೂ ಒಡ್ಡಿನ ಮಣ್ಣನ್ನು ವರ್ಷವರ್ಷವೂ ಮೆತ್ತುವ ಕೆಲಸ ನಿಂತಿರಲಿಲ್ಲವೆಂಬುದೇ ನನಗೆ ಚರಿತ್ರೆಯ ದೊಡ್ಡ ವಿಷಯವಾಗಿ ಕಾಣುತ್ತದೆ.

ಗೋವೆಯಲ್ಲಿ ಇಂಥ ಖಾಜನ ಭೂಮಿ ಸುಮಾರು 18,000 ಹೆಕ್ಟೇರುಗಳಷ್ಟಿದೆಯೆಂದು ಲೆಕ್ಕ. ಎಂದರೆ ಈ ಪುಟ್ಟ ರಾಜ್ಯದ ನೆಲದಲ್ಲಿ ಇಪ್ಪತ್ತರಲ್ಲೊಂದು ಪಾಲು. ಅದು ಭರತಿಯ ಮಟ್ಟಕ್ಕಿಂತ ತಗ್ಗಿನಲ್ಲಿರುವ ನೆಲ; ಒಡ್ಡಿಲ್ಲದಿದ್ದರೆ ದಿನಕ್ಕೆರಡು ಬಾರಿ ಮುಳುಗತಕ್ಕದ್ದು. ನದಿಯ ಜಿಗುಟುಮಣ್ಣು, ಹುಲ್ಲು, ಬಿದಿರು, ಅಲ್ಲಲ್ಲಿ ಚಿರೆಕಲ್ಲು: ಇಷ್ಟೇ ಒಡ್ಡಿನ ಸಾಮಗ್ರಿ. ಒಡ್ಡಿನ ಒಳಗೆ, ಗದ್ದೆಗಳಿಗಿಂತಲೂ ತಗ್ಗಿನಲ್ಲಿ, ‘ಪೊಂಯ’ ಎಂಬ ನೀರ್ಗಾಲುವೆ. ಕದಗಳ ಸಂದಿಯಿಂದ ಜಿನುಗಿ ಬಂದ ಉಪ್ಪು ಗದ್ದೆಯನ್ನು ಮುಟ್ಟದೆ ಅಲ್ಲಿಯೇ ನಿಲ್ಲುತ್ತದೆ. ಮುಂಗಾರಿನ ಮೊದಲ ಮಳೆಗಳು ಗದ್ದೆಯ ಉಪ್ಪನ್ನು ತೊಳೆದು ಪೊಂಯಕ್ಕೆ ಇಳಿಸುತ್ತವೆ. ಮಾನಸ ಅದನ್ನು ಇಳಿತದೊಡನೆ ನದಿಗೆ ಕಳಿಸುತ್ತದೆ. ಆಮೇಲೆ ಕೊರ್ಗುಟ್ ಬಿತ್ತುತ್ತಾರೆ. ತೊಳೆದೂ ಉಳಿದ ಉಪ್ಪನ್ನು ಸಹಿಸಬಲ್ಲ, ನೆರೆ ಬಂದರೆ ನೆರೆಗಿಂತ ಎತ್ತರಕ್ಕೆ ಚಾಚಬಲ್ಲ ಭತ್ತದ ತಳಿ ಅದು. ಕೊಯ್ಲಿನ ತರುವಾಯ ಕೂಳೆ ಗದ್ದೆಯಲ್ಲಿಯೇ ಉಳಿಯುತ್ತದೆ, ಕದಗಳನ್ನು ಹಗ್ಗ ಕಟ್ಟಿ ತೆರೆದಿಟ್ಟು ಅಳತೆಯಲ್ಲಿ ಭರತಿಯನ್ನು ಒಳಕ್ಕೆ ಬಿಡುತ್ತಾರೆ, ಕೊಳೆತ ಕೂಳೆಯನ್ನು ಆಶ್ರಯಿಸಿ ಸೂಕ್ಷ್ಮಜೀವಿಗಳು ಹುಟ್ಟುತ್ತವೆ, ಅವನ್ನು ತಿನ್ನಲು ಸಿಗಡಿಯ ಮರಿಗಳು (ನಮ್ಮ ಕಡೆ ಶೆಟ್ಲಿ ಎನ್ನುತ್ತಾರೆ) ಭರತಿಯ ಬೆನ್ನೇರಿ ಬರುತ್ತವೆ. ಉಪ್ಪು ಗದ್ದೆಯ ಕಳೆಯನ್ನೂ ಕೀಟವನ್ನೂ ಕೊಲ್ಲುತ್ತದೆ, ಮೀನು ಬಿಟ್ಟುಹೋದದ್ದು ಮುಂದಿನ ಭತ್ತಕ್ಕೆ ಗೊಬ್ಬರವಾಗುತ್ತದೆ. ಅನ್ನಕ್ಕೆ ಶತ್ರುವಾದ ಉಪ್ಪನ್ನು ಅನ್ನದ ಸೇವೆಗೆ ಹಚ್ಚಿದ ಈ ಉಪಾಯವನ್ನು ಕೇರಳದವರೂ ಬಲ್ಲರು. ಎರ್ನಾಕುಲಂ ಸೀಮೆಯ ಪೊಕ್ಕಾಳಿ, ಕಣ್ಣೂರಿನ ಕೈಪಾಡ್ ಇದೇ ಕುಟುಂಬದವು.

ಈಗ ಒಡ್ಡಿನ ಹೊರಗೆ ಬರೋಣ. ಅಲ್ಲಿ ಕಾಂಡ್ಲಾ ಗಿಡಗಳ ಸಾಲು. ಕೆಸರಿನಿಂದ ಮೇಲಕ್ಕೆ ಎದ್ದು ನಿಂತ ಅವುಗಳ ಉಸಿರುಬೇರುಗಳ ಗುಂಪು ಅಲೆಯ ರಭಸವನ್ನು ಮುರಿಯುತ್ತದೆ. ರಭಸ ಕಳೆದುಕೊಂಡ ನೀರು ತಾನು ಹೊತ್ತ ಹೂಳನ್ನು ಅಲ್ಲಿಯೇ ಇಳಿಸುತ್ತದೆ. ಹೂಳು ಒಡ್ಡಿನ ಪಾದವನ್ನು ಗಟ್ಟಿಮಾಡುತ್ತದೆ. ಗಟ್ಟಿಯಾದ ಕೆಸರಿನಲ್ಲಿ ಮತ್ತೊಂದು ಕಾಂಡ್ಲಾ ಬೇರೂರುತ್ತದೆ. ಇನ್ನೊಂದು ಕಡೆ ಏಡಿಯುಂಟು. ಏಡಿ ತೋಡಿದ ಬಿಲ ಕೆಸರಿಗೆ ಗಾಳಿಯಾಡಿಸುವುದರಿಂದ ಕಾಂಡ್ಲಾಕ್ಕೆ ಉಪಕಾರ. ಅದೇ ಬಿಲವನ್ನು ಅದು ಒಡ್ಡಿನಲ್ಲಿ ತೋಡಿದರೆ ಊರಿಗೆ ಅಪಕಾರ. ಬೆರಳು ಗಾತ್ರದ ಬಿಲದಿಂದ ಜಿನುಗಿದ ನೀರು ಒಂದು ಅಮಾವಾಸ್ಯೆಯ ಭರತಿಯಲ್ಲಿ ಗಾಡಿ ಹೋಗುವಷ್ಟು ಅಗಲದ ಬಿರುಕಾಗಬಲ್ಲುದು. ಆದುದರಿಂದಲೇ ಒಡ್ಡನ್ನು ಕಟ್ಟಿದರೆ ಕೆಲಸ ಮುಗಿಯಿತೆಂಬ ಮಾತೇ ಇಲ್ಲ. ಅದರ ಮೇಲೆ ನಿತ್ಯವೂ ನಡೆಯಬೇಕು. ಬೆಳಗ್ಗೆ ನನ್ನ ಪಕ್ಕದಲ್ಲಿದ್ದ ಹಿರಿಯರ ಕೋಲು ಮುಪ್ಪಿನ ಊರುಗೋಲಲ್ಲವೆಂಬುದು ನನಗೆ ಹತ್ತು ಹೆಜ್ಜೆಗಳಲ್ಲಿಯೇ ತಿಳಿಯಿತು. ಅವರು ಅದನ್ನು ಒಡ್ಡಿನ ಮಗ್ಗುಲಿಗೆ ಚುಚ್ಚಿ ಚುಚ್ಚಿ, ಟೊಳ್ಳು ಸದ್ದು ಕೇಳಿದಲ್ಲಿ ನಿಂತು, ಹಿಡಿಮಣ್ಣು ಮೆತ್ತಿ ಮುಂದೆ ಸಾಗುತ್ತಿದ್ದರು.

ನೀರು ಜೀವಿಗಳನ್ನು ಆಳುತ್ತದೆ, ಜೀವಿಗಳು ನೀರನ್ನು ಆಳುತ್ತವೆ. ಈ ಪರಸ್ಪರ ಆಳ್ವಿಕೆಯನ್ನು ಅರಿತು, ಅದರ ಒಂದು ತುದಿಯನ್ನು ಹಿಡಿದು ಇನ್ನೊಂದು ತುದಿಯನ್ನು ಹದಕ್ಕೆ ತರುವುದು ಸಾಧ್ಯವೆಂಬುದು ಇತ್ತೀಚೆಗೆ ಒಂದು ಶಾಸ್ತ್ರವಾಗಿದೆ. 1990ರ ದಶಕದಲ್ಲಿ ಪೋಲೆಂಡ್ ದೇಶದ ಮಾಚೆಯ್ ಜಲೆವ್‌ಸ್ಕಿ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಯುನೆಸ್ಕೋದ ಜಲವಿಜ್ಞಾನ ಕಾರ್ಯಕ್ರಮದ ಆಶ್ರಯದಲ್ಲಿ ಇದಕ್ಕೊಂದು ರೂಪ ಕೊಟ್ಟರು. ಕನ್ನಡದಲ್ಲಿ ಅದನ್ನು ಪರಿಸರ ಜಲವಿಜ್ಞಾನವೆನ್ನಬಹುದು. ಅವರ ಒಂದು ಪ್ರಯೋಗವನ್ನು ಹೇಳುತ್ತೇನೆ, ಏಕೆಂದರೆ ಅದು ಮಾನಸದ ಕಥೆಗೆ ಅಣ್ಣತಮ್ಮನಂತಿದೆ. ಪಿಲಿತ್ಸಾ ನದಿಗೆ ಅಡ್ಡಕಟ್ಟಿದ ಸುಲೆಯುವ್ ಜಲಾಶಯದಲ್ಲಿ ಬೇಸಿಗೆಯಲ್ಲಿ ವಿಷಕಾರಿಯಾದ ನೀಲಿಹಸಿರು ಪಾಚಿ ಹಬ್ಬುತ್ತಿತ್ತು. ಪಾಚಿಯನ್ನು ತಿನ್ನತಕ್ಕದ್ದು ನೀರುಚಿಗಟ; ನೀರುಚಿಗಟವನ್ನು ತಿನ್ನತಕ್ಕವು ಮೀನಿನ ಮರಿಗಳು; ಮೀನು ಮೊಟ್ಟೆಯಿಡತಕ್ಕದ್ದು ದಂಡೆಯ ಮುಳುಗಿದ ಹುಲ್ಲಿನಲ್ಲಿ. ಹಾಗಾದರೆ ಮೊಟ್ಟೆಯಿಡುವ ಕಾಲದಲ್ಲಿ ಆ ಹುಲ್ಲು ಮುಳುಗದಂತೆ ನೀರಿನ ಮಟ್ಟವನ್ನು ಇಟ್ಟುಕೊಂಡರೆ? ಮರಿಗಳು ಮಿತವಾಗುತ್ತವೆ, ಚಿಗಟಗಳು ಉಳಿಯುತ್ತವೆ, ಪಾಚಿ ತಗ್ಗುತ್ತದೆ. ಔಷಧವಿಲ್ಲ, ಯಂತ್ರವಿಲ್ಲ, ತೂಬಿನ ಹಿಡಿಯನ್ನು ಯಾವ ವಾರದಲ್ಲಿ ತಿರುಗಿಸಬೇಕೆಂಬ ತಿಳಿವಳಿಕೆಯೊಂದೇ.

ಇದರಲ್ಲಿ ನಾನು ನಿಮ್ಮ ಗಮನಕ್ಕೆ ತರಬೇಕೆಂದಿರುವ ಅಂಶ ಒಂದೇ. ನೀರಿನ ವ್ಯವಹಾರದಲ್ಲಿ ನಾವು ಎಷ್ಟು ಎಂದು ಕೇಳುತ್ತೇವೆ, ಯಾರಿಗೆ ಎಂದು ಕೇಳುತ್ತೇವೆ. ಯಾವಾಗ ಎಂದು ಕೇಳುವುದಿಲ್ಲ. ಜೀವಿಗಳಿಗಾದರೋ ಅದೊಂದೇ ಪ್ರಶ್ನೆ ಮುಖ್ಯವಾದದ್ದು. ಈ ಸಭೆಯಲ್ಲಿ ಮಹಾದಾಯಿ ನದಿಯ ಹೆಸರೆತ್ತುವುದು ಎರಡಲಗಿನ ಕತ್ತಿಯೆಂದು ಬಲ್ಲೆ. ಕರ್ನಾಟಕದವನಾಗಿ ಗೋವೆಯ ಅನ್ನವುಂಡು ಮಾತನಾಡುತ್ತಿರುವ ನಾನು ಯಾರ ಪಕ್ಷವನ್ನೂ ವಹಿಸುವುದಿಲ್ಲ. 2018ರ ಆಗಸ್ಟ್ ತಿಂಗಳಿನಲ್ಲಿ ಆ ನದಿಯ ನೀರಿನ ವ್ಯಾಜ್ಯದ ನ್ಯಾಯಾಧಿಕರಣವು ಕರ್ನಾಟಕಕ್ಕೆ 13.42, ಗೋವೆಗೆ 24, ಮಹಾರಾಷ್ಟ್ರಕ್ಕೆ 1.33 ಟಿಎಂಸಿ ನೀರೆಂದು ಹಂಚಿಕೆಮಾಡಿತು. ನ್ಯಾಯವೆಂದ ಮೇಲೆ ಸಂಖ್ಯೆ ಬೇಕು, ಒಪ್ಪತಕ್ಕದ್ದೇ. ಆದರೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರು ಮಳೆ ಸುರಿದು, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು, ಉಳಿದ ಎಂಟು ತಿಂಗಳು ನದಿಯು ಬೆಟ್ಟದ ಒರತೆಯನ್ನೇ ನಂಬಿ ಬದುಕುವ ಈ ಸೀಮೆಯಲ್ಲಿ, ಶ್ರಾವಣದ ಒಂದು ಟಿಎಂಸಿಯೂ ಚೈತ್ರದ ಒಂದು ಟಿಎಂಸಿಯೂ ಒಂದೇ ಅಲ್ಲ. ಶ್ರಾವಣದ್ದು ಸಮುದ್ರವನ್ನು ಕೆಂಪುಮಾಡಿ ಹೋಗುತ್ತದೆ. ಚೈತ್ರದ್ದು, ಎಳೆಯಷ್ಟೇ ಇದ್ದರೂ, ಮೇಲಕ್ಕೇರಿಬರುವ ಉಪ್ಪಿಗೆ ಎದುರು ನಿಲ್ಲುತ್ತದೆ. ಯಾವ ಊರಿನ ಬಾವಿಯವರೆಗೆ ಉಪ್ಪು ಬರಬಹುದು, ಯಾವ ಕೆಸರಿನಲ್ಲಿ ಯಾವ ಚಿಪ್ಪಿ ಬದುಕಬಹುದು ಎಂಬುದು ಅದರ ಮೇಲೆ ನಿಂತಿದೆ.

ಆ ಎಳೆಯಷ್ಟು ನೀರು ಎಲ್ಲಿಂದ ಬರುತ್ತದೆ? ಇದಕ್ಕೆ ಉತ್ತರವನ್ನು ಘಟ್ಟದ ಮೇಲೆ ಹುಡುಕಬೇಕು. ನನ್ನ ತಾಯಿಯ ತವರು ಶಿರಸಿ ಸೀಮೆಯ ಅಡಿಕೆ ತೋಟದ ಮನೆ. ಅಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನಬೆಟ್ಟದ, ಎಂದರೆ ತೋಟಕ್ಕೆ ಸೊಪ್ಪು ಕೊಡುವ ಕಾಡಿನ, ಸವಲತ್ತುಂಟು. ಬೆಟ್ಟವನ್ನು ನೋಡಿಕೊಂಡವರ ತೋಟದ ತಲೆಗೆ ಚೈತ್ರದಲ್ಲೂ ಅಬ್ಬಿಯ ನೀರು. ಸವರಿ ಬೋಳಿಸಿದವರ ತೋಟಕ್ಕೆ ಮಾಘದಲ್ಲಿಯೇ ಪಂಪಿನ ಸದ್ದು. ಇದು ಹಳ್ಳಿಯವರ ಅನುಭವವೆಂದು ತಳ್ಳಿಹಾಕಬೇಕಾಗಿಲ್ಲ. ಉತ್ತರ ಕನ್ನಡದ ಕಾಡುಗಳಲ್ಲಿ ಮಣ್ಣಿಗೆ ಕೊಳವೆಯಿಳಿಸಿ ಅಳೆದ ವಿಜ್ಞಾನಿಗಳು, ಸಹಜವಾದ ಕಾಡಿನ ನೆಲವು ಬೋಳುಬಿದ್ದ ನೆಲಕ್ಕಿಂತ ಎಷ್ಟೋ ಹೆಚ್ಚು ವೇಗವಾಗಿ ಮಳೆಯನ್ನು ಕುಡಿಯುತ್ತದೆಂದೂ, ಒಮ್ಮೆ ಹಾಳಾದ ನೆಲದಲ್ಲಿ ಅಕೇಶಿಯಾ ನೆಟ್ಟ ಮಾತ್ರಕ್ಕೆ ಆ ಗುಣ ಬೇಗನೆ ಮರಳುವುದಿಲ್ಲವೆಂದೂ ಕಂಡಿದ್ದಾರೆ. ಶರಾವತಿಯ ಕಣಿವೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತವರ ಸಂಗಡಿಗರು ತೋರಿಸಿಕೊಟ್ಟದ್ದೂ ಇದನ್ನೇ: ಜಲಾನಯನದ ಶೇಕಡ 60ಕ್ಕೂ ಮಿಗಿಲಾಗಿ ದೇಶೀಯ ಕಾಡು ಉಳಿದಿರುವಲ್ಲಿ ಹಳ್ಳ ವರ್ಷವಿಡೀ ಹರಿಯುತ್ತದೆ. ನೀರನ್ನು ಇಳಿಸಿಕೊಳ್ಳುವುದು ಮರವೊಂದೇ ಅಲ್ಲ. ಬೇರು ಸತ್ತು ಬಿಟ್ಟ ಪೊಳ್ಳು, ಗೆದ್ದಲು ಕೊರೆದ ಓಣಿ, ಎರೆಹುಳದ ದಾರಿ, ಅವುಗಳ ಮೇಲೆ ಹಾಸಿದ ತರಗು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಾಡಿಗೆ ಹೋಗಿ ಕಡಿತವನ್ನು ತಡೆಯಲು ಮರಗಳನ್ನು ಅಪ್ಪಿಕೊಂಡು ನಿಂತಾಗ ಅವರು ಅಪ್ಪಿಕೊಂಡದ್ದು ಮರಗಳನ್ನೇ ಆದರೂ, ಉಳಿಸಿಕೊಂಡದ್ದರಲ್ಲಿ ಗೆದ್ದಲಿನ ಓಣಿಗಳೂ ಸೇರಿದ್ದವು.

ನಿಮ್ಮ ಅಘನಾಶಿನಿಯ ತಲೆಯ ಕಡೆಯ ಕಥೆ ಬೇರೆ. ಅಲ್ಲಿ ಬೆಟ್ಟಗಳೇ ಕಬ್ಬಿಣದ ಅದಿರು. ಗೋವೆಯಿಂದ 2010-11ರ ಒಂದೇ ವರ್ಷದಲ್ಲಿ 5 ಕೋಟಿ ಟನ್ನಿಗೂ ಮಿಕ್ಕು ಅದಿರು ಹೊರದೇಶಗಳಿಗೆ ಹೋಯಿತು. ಮಾಂಡವಿ, ಜುವಾರಿ ಮತ್ತು ಇವೆರಡನ್ನೂ ಕೂಡಿಸುವ ಕುಂಭಾರಜುವೆ ಕಾಲುವೆ ಅದಿರಿನ ಬಾರ್ಜುಗಳಿಗೆ ಹೆದ್ದಾರಿಗಳಾಗಿದ್ದವು. ಗಣಿಯಿಂದ ತೊಳೆದುಬಂದ ಹೂಳು ನದಿಯ ತಳವನ್ನು ಏರಿಸಿತು. ಬಾರ್ಜಿನ ಹಿಂದೆ ಎದ್ದ ಅಲೆ ಒಡ್ಡಿನ ಪಾದವನ್ನು ಕೊರೆಯಿತು. 2012ರಲ್ಲಿ ಗಣಿಗಾರಿಕೆ ನಿಂತಾಗ ಎಷ್ಟೋ ಮನೆಗಳ ಒಲೆಯೂ ಆರಿತೆಂಬುದನ್ನು ನಾನು ಮರೆಮಾಚುವುದಿಲ್ಲ. ಈ ಸಭೆಯಲ್ಲಿ ಕುಳಿತವರಲ್ಲಿಯೇ ಬಾರ್ಜಿನ ಮೇಲೆ ದುಡಿದ ಕನ್ನಡಿಗರಿರಬಹುದು. ನನ್ನ ಮಾತು ಇಷ್ಟೇ: ಬೆಟ್ಟದಲ್ಲಿ ಬಿಡಿಸಿದ ಮಣ್ಣಿನ ಸುಂಕವನ್ನು ಬೆಟ್ಟ ತೆರಲಿಲ್ಲ, ಇಲ್ಲಿಯ ಗದ್ದೆ ತೆತ್ತಿತು.

ಆದರೂ ಖಾಜನ ಸೋಲಲು ಗಣಿಯೇ ಮುಖ್ಯ ಕಾರಣವೆಂದು ಹೇಳಿದರೆ ಅದು ಸುಲಭದ ಮಾತಾದೀತು. ಒಡ್ಡನ್ನು ಕಾಯುತ್ತಿದ್ದದ್ದು ಗಾಂವಕಾರಿ, ಪೋರ್ಚುಗೀಸರು ಕೊಮುನಿದಾದ್ ಎಂದ ಗ್ರಾಮಸಂಸ್ಥೆ. 1526ರಲ್ಲಿ ಅಫೊನ್ಸೊ ಮೆಶಿಯಾ ಎಂಬ ಅಧಿಕಾರಿ ಗೋವೆಯ ಗ್ರಾಮಗಳ ಕಟ್ಟುಕಟ್ಟಳೆಗಳನ್ನು ಬರೆದಿಡುವ ಹೊತ್ತಿಗೆ ಅವು ಆಗಲೇ ಹಳೆಯವು. ಭೂಮಿ ಊರಿನದು, ಬೇಸಾಯ ಹರಾಜಿನಲ್ಲಿ ಪಡೆದವನದು, ಮಾನಸದ ಬಾಯಲ್ಲಿ ಬಲೆಯೊಡ್ಡಿ ಇಳಿತದ ಮೀನನ್ನು ಹಿಡಿಯುವ ಹಕ್ಕೂ ಹರಾಜಾಗತಕ್ಕದ್ದು, ಆ ಹಣದಿಂದ ಒಡ್ಡಿನ ದುರಸ್ತಿ. ಇದನ್ನು ಸ್ವರ್ಗವೆಂದು ವರ್ಣಿಸಲು ನನಗೆ ಮನಸ್ಸಿಲ್ಲ. ಗಾಂವಕಾರರ ಪಟ್ಟಿಯಲ್ಲಿ ಹುಟ್ಟಿನಿಂದ ಬಂದ ಗಂಡಸರ ಹೆಸರುಗಳೇ ಇದ್ದವು. ಮಂಡಿಯವರೆಗೆ ಕೆಸರಲ್ಲಿ ನಿಂತು ಮಣ್ಣು ಹೊತ್ತವರ ಹೆಸರು ಅದರಲ್ಲಿರಲಿಲ್ಲ. ಗೋವೆ ವಿಮೋಚನೆಗೊಂಡ ಮೇಲೆ 1964ರ ಗೇಣಿ ಕಾಯ್ದೆಯೂ 1976ರ ಅದರ ತಿದ್ದುಪಡಿಯೂ ಉಳುವವನನ್ನು ಒಡೆಯನನ್ನಾಗಿ ಮಾಡಿದಾಗ ನ್ಯಾಯ ದೊರೆತದ್ದು ನಿಜ. ಗದ್ದೆಗೆ ಒಡೆಯ ದೊರೆತನು. ಒಡ್ಡಿಗೆ ಮಾತ್ರ ಯಾರೂ ದೊರೆಯಲಿಲ್ಲ. ಕಾಯ್ದೆ ರೈತರ ಸಂಘಗಳನ್ನು ಕಲ್ಪಿಸಿತಾದರೂ ಸಂಘದ ಪುಸ್ತಕದಲ್ಲಿ ಹೆಸರಿರುವುದಕ್ಕೂ ಬೆಳಗಿನ ಜಾವ ಕೋಲು ಹಿಡಿದು ಒಡ್ಡಿನ ಮೇಲೆ ನಡೆಯುವುದಕ್ಕೂ ದೂರವುಂಟು.

ಮಾನಸದ ಹರಾಜು ನಿಲ್ಲಲಿಲ್ಲ, ಆದರೆ ಅರ್ಥ ಬದಲಾಯಿತು. ಹಿಂದೆ ಮೀನು ಬೇಸಾಯದ ಉಪಫಲ. ಸಿಗಡಿಯ ಬೆಲೆ ಏರಿದ ಮೇಲೆ ಬೇಸಾಯವೇ ಮೀನಿಗೆ ಅಡ್ಡಿ. ಹರಾಜು ಹಿಡಿದವನಿಗೆ ಉಪ್ಪುನೀರು ಹೆಚ್ಚು ಆಳವಾಗಿ, ಹೆಚ್ಚು ತಿಂಗಳು ಒಳಗೆ ನಿಂತರೆ ಲಾಭ. ಗದ್ದೆಯವನಿಗೆ ಮುಂಗಾರಿನೊಳಗೆ ಅದು ಹೊರಹೋಗದಿದ್ದರೆ ಸರ್ವನಾಶ. ಮೊದಲು ಒಂದೇ ಮನೆಯ ಒಬ್ಬನೇ ಮನುಷ್ಯನ ಒಳಗಿದ್ದ ಎರಡು ಆಸೆಗಳು ಈಗ ಇಬ್ಬರು ಬೇರೆ ಬೇರೆ ಮನುಷ್ಯರಾಗಿ, ಬಾಗಿಲಿನ ಎರಡು ಪಕ್ಕದಲ್ಲಿ ನಿಂತಿವೆ. ತಾನೇ ಮುಚ್ಚಿಕೊಳ್ಳುವ ಬಾಗಿಲಿಗೆ ಅಡ್ಡವಾಗಿ ರಾತ್ರಿಯಲ್ಲಿ ಒಂದು ಕಲ್ಲನ್ನು ಸಿಕ್ಕಿಸಿಟ್ಟರೆ ಸಾಕು. ಒಡ್ಡು ತಾನಾಗಿ ಒಡೆದದ್ದೋ ಒಡೆಸಿದ್ದೋ ಎಂಬ ಪ್ರಶ್ನೆ ಗೋವೆಯ ಎಷ್ಟೋ ಊರುಗಳಲ್ಲಿ ಪಿಸುಮಾತಾಗಿದೆ.

ಒಡ್ಡು ಒಡೆದು ನಾಲ್ಕಾರು ವರ್ಷ ಕಳೆದ ಗದ್ದೆಯಲ್ಲಿ ಕಾಂಡ್ಲಾ ಬೆಳೆಯುತ್ತದೆ. ಇಲ್ಲಿ ಧರ್ಮಸೂಕ್ಷ್ಮವೊಂದು ಎದುರಾಗುತ್ತದೆ. 1991ರಿಂದ ಈಚೆಗೆ ಬಂದ ಕರಾವಳಿ ನಿಯಮಗಳು ಕಾಂಡ್ಲಾ ಕಾಡಿಗೆ ರಕ್ಷಣೆ ಕೊಟ್ಟಿವೆ. 2011ರ ನಿಯಮಗಳು ಖಾಜನವನ್ನೂ ಹೆಸರಿಸಿ ರಕ್ಷಣೆಗೆ ಒಳಪಡಿಸಿದವು. ಎರಡೂ ಶ್ಲಾಘ್ಯವೇ. ಆದರೆ ಖಾಜನದ ಒಳಗೆ ಹುಟ್ಟಿದ ಕಾಂಡ್ಲಾವನ್ನು ಏನು ಮಾಡಬೇಕು? ಕಡಿದರೆ ಅಪರಾಧ, ಕಡಿಯದಿದ್ದರೆ ಗದ್ದೆಯಿಲ್ಲ. ಪರಿಸರಪ್ರಿಯರಾದ ನನ್ನ ಸ್ನೇಹಿತರು ಅನೇಕರು ಇದನ್ನು ಪ್ರಕೃತಿಯ ಪುನರಾಗಮನವೆಂದು ಸಂಭ್ರಮಿಸುತ್ತಾರೆ. ನನಗೆ ಆ ಸಂಭ್ರಮ ಬರುವುದಿಲ್ಲ. ಒಡ್ಡಿನ ಹೊರಗೆ ನಿಂತ ಕಾಂಡ್ಲಾ ಕಾವಲುಗಾರ. ಒಳಗೆ ಬಂದರೆ ಅದು ಬೇಸಾಯ ಸತ್ತ ಮನೆಯ ಅಂಗಳದಲ್ಲಿ ಬೆಳೆದ ಗಿಡ. ಎಲೆ ಅದೇ, ಬೇರು ಅದೇ, ಹಸಿರೂ ಅದೇ. ಸ್ಥಾನ ಮಾತ್ರ ಬೇರೆ. ಉಪಗ್ರಹದ ಚಿತ್ರದಲ್ಲಿ ಎರಡೂ ಒಂದೇ ಬಣ್ಣವಾಗಿ ಕಾಣುತ್ತವೆ. ಬದುಕಿರುವ ಗದ್ದೆಯನ್ನು ಮೊದಲು ಉಳಿಸಬೇಕು, ಹೊರಗಿನ ಸಾಲಿನ ಕಾಂಡ್ಲಾವನ್ನು ಒಂದು ಕಡ್ಡಿಯೂ ಮುರಿಯದಂತೆ ಕಾಯಬೇಕು, ಒಳಗಿನದರ ವಿಷಯದಲ್ಲಿ ಆಯಾ ಊರಿನವರನ್ನೂ ಕೂರಿಸಿಕೊಂಡು ಒಂದೊಂದೇ ಒಡ್ಡಿನ ಮೇಲೆ ನಿಂತು ನಿರ್ಣಯಿಸಬೇಕು ಎಂಬುದು ನನ್ನ ಅಭಿಮತ. ಇದಕ್ಕೆ ಸಿಟ್ಟಾಗುವವರು ಎರಡು ಪಕ್ಷದಲ್ಲಿಯೂ ಇದ್ದಾರೆಂದು ಬಲ್ಲೆ.

ನನ್ನ ಊರಿನ ಗಜನಿಯ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ, ಏಕೆಂದರೆ ಅದು ಇನ್ನೊಂದು ಬಗೆಯ ತಪ್ಪಿಗೆ ದೃಷ್ಟಾಂತ. ಕುಮಟಾ ತಾಲ್ಲೂಕಿನ ಮಾಣಿಕಟ್ಟಾ, ಹೆಗಡೆ, ಕಾಗಾಲಗಳ ಕಡೆ ಬೆಳೆಯುವ ಭತ್ತಕ್ಕೆ ಕಗ್ಗವೆಂದು ಹೆಸರು. ಉದ್ದ ಮುಳ್ಳಿನ, ಕೆಂಪಕ್ಕಿಯ, ನೆಟ್ಟಗೆ ನಿಲ್ಲಲು ಬೇಸರಪಡುವ ಭತ್ತ. ನನ್ನ ಅಜ್ಜಿ ಬೀಜವನ್ನು ಹುಲ್ಲಿನ ಮುಡಿಯಲ್ಲಿ ಕಟ್ಟಿ ನೀರಲ್ಲಿಳಿಸಿ, ಮೊಳಕೆಯೊಡೆದ ಮೇಲೆ ಎರಚುತ್ತಿದ್ದಳು. ಗೊಬ್ಬರವೆಂಬುದನ್ನು ಆ ಗದ್ದೆ ಕಂಡದ್ದೇ ಇಲ್ಲ. ಹಕ್ಕಿ ತಿಂದು, ಮೀನು ತಿಂದು ಉಳಿದದ್ದು ನಮ್ಮದು ಎಂಬ ಅವಳ ಲೆಕ್ಕದಲ್ಲಿ ದೂರಿನ ಛಾಯೆಯಿರಲಿಲ್ಲ. 1970ರ ದಶಕದಲ್ಲಿ ಸರಕಾರ ಖಾರಲ್ಯಾಂಡ್ ಯೋಜನೆಯಡಿ ಮಣ್ಣೊಡ್ಡುಗಳ ಬದಲಿಗೆ ಕಲ್ಲಿನ ಶಾಶ್ವತ ಒಡ್ಡುಗಳನ್ನು ಕಟ್ಟಿತು. ವರ್ಷವರ್ಷದ ಮಣ್ಣಿನ ಕೆಲಸ ತಪ್ಪಿತೆಂದು ನಾವು ಹಿಗ್ಗಿದೆವು. ತಪ್ಪಿದ್ದು ಕೆಲಸವೊಂದೇ ಅಲ್ಲ, ಕೂಡಿ ಮಾಡುವ ಅಭ್ಯಾಸವೂ ತಪ್ಪಿತು. ಕಲ್ಲೊಡ್ಡು ಮೊದಲ ಬಾರಿ ಬಿರುಕು ಬಿಟ್ಟಾಗ ಊರವರು ಮಣ್ಣಿಗೆ ಹೋಗಲಿಲ್ಲ, ಅರ್ಜಿ ಬರೆದರು. 1990ರ ದಶಕದಲ್ಲಿ ಸಿಗಡಿಯ ಕೆರೆಗಳು ಬಂದವು. ರೋಗ ಬಂದು ಅವೂ ಬರಿದಾದವು. ಹೀಗಿದ್ದೂ ಕಗ್ಗದ ಬೀಜ ಇನ್ನೂ ಕೆಲವರ ಮನೆಯಲ್ಲುಂಟು, ಅಣೆಕಟ್ಟಿಲ್ಲದೆ ಹರಿಯುವ ನದಿಯುಂಟು, ಅಳಿವೆಯ ಕೆಸರಲ್ಲಿ ಬಳಚು ಎಂಬ ಚಿಪ್ಪಿಯನ್ನು ಆರಿಸಿ ದಿನದ ಸಂಪಾದನೆ ಮಾಡುವ ಹೆಂಗಸರುಂಟು. 2024ರ ಜನವರಿಯಲ್ಲಿ ಆ ಅಳಿವೆ, 4,801 ಹೆಕ್ಟೇರು, ಮಹತ್ವದ ಜೌಗುನೆಲಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ ವರ್ತಮಾನವನ್ನು ನಾನು ಓದಿ ಹೇಳಿದಾಗ ಬಳಚಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು, ‘ಹಾಗಾದರೆ ನಮ್ಮನ್ನು ಇಳಿಯಲು ಬಿಡುತ್ತಾರಷ್ಟೆ?’ ಎಂದು ಕೇಳಿದಳು. ಅವಳ ಪ್ರಶ್ನೆಗೆ ಉತ್ತರಿಸುವ ಅಧಿಕಾರ ನನಗಿರಲಿಲ್ಲ.

ಗೋವೆಯ ಕೃಷಿ ಸಂಶೋಧಕರು ಕೊರ್ಗುಟ್‌ನಿಂದಲೇ ಆಯ್ದು ‘ಗೋವಾ ಧಾನ್’ ಎಂಬ ತಳಿಗಳನ್ನು ಹೊರತಂದಿದ್ದಾರೆ. ಸಂತೋಷದ ವಿಷಯ. ಆದರೆ ಬೀಜ ದೊರೆಯುವುದು ಸುಲಭ, ಬಾಗಿಲು ಕಾಯುವವನು ದೊರೆಯುವುದು ಕಷ್ಟ. ಬೆಳಗ್ಗೆ ನಾನು ಆ ಹಿರಿಯರನ್ನು, ನಿಮ್ಮ ನಂತರ ಯಾರು, ಎಂದು ಕೇಳಿದೆ. ಮಗ ಮೇಲಿನ ಪ್ರಸ್ಥಭೂಮಿಯ ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಾನಂತೆ. ಭರತಿಯ ವೇಳೆ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತದೆ. ಕಾರ್ಖಾನೆಯ ವೇಳೆ ಸರಿಯುವುದಿಲ್ಲ. ಅದಕ್ಕಾಗಿ ಅವರು ಒಂದು ಉಪಾಯ ಮಾಡಿದ್ದಾರೆ. ಹದಿನಾಲ್ಕು ದಿನದ ಭರತಿಯ ವೇಳೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಮಗನ ಪಾಳಿಯ ಪಕ್ಕದಲ್ಲಿ ಬರೆದು, ಅವನಿಗೆ ಬಿಡುವಿರುವ ದಿನಗಳಿಗೆ ಸುತ್ತುಹಾಕಿದ್ದಾರೆ. ಉಳಿದ ದಿನಗಳಿಗೆ ನೆರೆಮನೆಯಲ್ಲಿ ಬಾಡಿಗೆಗಿರುವ, ಗದಗದ ಕಡೆಯಿಂದ ಕೂಲಿಗೆ ಬಂದ ಹುಡುಗನೊಬ್ಬನಿಗೆ ಕೋಲು ಚುಚ್ಚುವುದನ್ನು ಕಲಿಸುತ್ತಿದ್ದಾರೆ. ಅವನ ಅಜ್ಜ ತನ್ನೂರಿನ ಕೆರೆಗೆ ನೀರುಗಂಟಿಯಾಗಿದ್ದನಂತೆ. ಹುಡುಗ ಈ ಸಭೆಯಲ್ಲಿಯೇ ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಎದ್ದು ನಿಲ್ಲೆಂದು ಹೇಳಿ ಅವನನ್ನು ನಾಚಿಸುವುದಿಲ್ಲ.

ಮಹನೀಯರೇ, ಇಂದು ಅಮಾವಾಸ್ಯೆ. ನಾವು ಇಲ್ಲಿ ಕುಳಿತಿರುವ ಈ ಸಂಜೆಯ ಹೊತ್ತಿನಲ್ಲಿ ಇಳಿತ ತನ್ನ ತಳ ಮುಟ್ಟಿದೆ. ಕದಗಳು ತೆರೆದುಕೊಂಡು ಗದ್ದೆಯ ನೀರನ್ನು ಹೊರಗೆ ಬಿಡುತ್ತಿವೆ. ಮಧ್ಯರಾತ್ರಿಯ ಸುಮಾರಿಗೆ ಪಕ್ಷದ ಅತಿ ಎತ್ತರದ ಭರತಿ ಬರಲಿದೆ. ಹಿರಿಯರೂ ಹುಡುಗನೂ ಹನ್ನೊಂದಕ್ಕೆ ಒಡ್ಡಿನ ಮೇಲೆ ಹೋಗುತ್ತಾರೆ, ನಾನೂ ಹೊರಟಿದ್ದೇನೆ. ಬರಬೇಕೆಂದಿರುವವರು ಊಟ ಮುಗಿಸಿಕೊಂಡು ದೇವಸ್ಥಾನದ ಬಳಿ ಕೂಡಬಹುದು. ಬ್ಯಾಟರಿ ತನ್ನಿ, ಚಪ್ಪಲಿಯನ್ನು ದಡದಲ್ಲಿಯೇ ಬಿಡಿ. ಎಡಗಡೆಯ ಮೂರನೆಯ ತಿರುವಿನಲ್ಲಿ ಮಣ್ಣು ಇನ್ನೂ ಹಸಿಯಾಗಿದೆ.